ದೋಲ್ಮಬಾಹ್ಚೆ: ಚಿನ್ನದ ಕಥೆಗಳಾಚೆಯ ಅರಮನೆ

ಇಸ್ತಾಂಬುಲ್‌ಗೆ ಹೊರಟವರ ಪಟ್ಟಿಯಲ್ಲಿ ದೋಲ್ಮಬಾಹ್ಚೆ ಅರಮನೆ ಇದ್ದೇ ಇರುತ್ತದೆ. ಬಾಸ್ಫರಸ್ ಜಲಸಂಧಿಯ ಯುರೋಪ್ ಕಡೆಯ ದಂಡೆಯಲ್ಲಿ, ನೀರಿಗೆ ಒತ್ತಿಕೊಂಡು ಸುಮಾರು 600 ಮೀಟರ್ ಉದ್ದಕ್ಕೆ ಚಾಚಿದ ಬಿಳಿಯ ಕಟ್ಟಡ ಅದು. 285 ಕೋಣೆಗಳು, 46 ಹಜಾರಗಳು. ಇಷ್ಟು ವೈಭವ ಇದ್ದಲ್ಲಿ ದಂತಕಥೆಗಳೂ ಹುಟ್ಟುತ್ತವೆ. ಅವುಗಳಿಗಿಂತ ನಿಜಸಂಗತಿಗಳೇ ಸ್ವಾರಸ್ಯವಾಗಿವೆ ಎಂಬುದು ನನ್ನ ಅನಿಸಿಕೆ.

ತಪ್ಪು ಕಲ್ಪನೆ: ಟಿವಿ ಧಾರಾವಾಹಿಗಳಲ್ಲಿ ಕಾಣುವ ಸುಲ್ತಾನ್ ಸುಲೇಮಾನ್ ಆಳಿದ್ದು ಈ ಅರಮನೆಯಿಂದ.

ವಾಸ್ತವ: ಸುಲೇಮಾನ್ ತೀರಿಕೊಂಡದ್ದು 1566ರಲ್ಲಿ. ದೋಲ್ಮಬಾಹ್ಚೆಯ ಕೆಲಸ ಶುರುವಾದದ್ದು 1843ರಲ್ಲಿ, ಮುಗಿದದ್ದು 1856ರಲ್ಲಿ. ಸುಲೇಮಾನನ ನೆಲೆ ಹಳೆಯ ಊರಿನ ದಿಬ್ಬದ ಮೇಲಿರುವ ತೋಪ್‌ಕಾಪಿ. ಇಲ್ಲಿ ಅರಮನೆ ಕಟ್ಟಿಸಿದವನು ಒಟ್ಟೊಮನ್ ಸುಲ್ತಾನ್ ಅಬ್ದುಲ್ ಮಜೀದ್. ಸೈನ್ಯ, ಕಾನೂನು, ಶಾಲೆಗಳನ್ನೆಲ್ಲ ಹೊಸ ಕಾಲಕ್ಕೆ ತಿದ್ದಲು ಹೊರಟಿದ್ದ ದೊರೆ. ಯುರೋಪಿನ ರಾಜರಿಗೆ ತಾನೇನೂ ಕಡಿಮೆಯಲ್ಲ ಎಂದು ತೋರಿಸುವ ತವಕ ಇಲ್ಲಿನ ಗೋಡೆ ಗೋಡೆಯಲ್ಲೂ ಕಾಣುತ್ತದೆ.

ತಪ್ಪು ಕಲ್ಪನೆ: ಇದು ಯುರೋಪಿನವರು ಬಂದು ಕಟ್ಟಿಕೊಟ್ಟ ಯುರೋಪಿನ ನಕಲು.

ವಾಸ್ತವ: ಮುಖ್ಯ ಶಿಲ್ಪಿಗಳು ಇಸ್ತಾಂಬುಲ್‌ನವರೇ. ಆರ್ಮೇನಿಯನ್ ಮನೆತನದ ಗರಬೆತ್ ಬಾಲ್ಯಾನ್ ಮತ್ತು ಅವನ ಮಗ ನಿಕೋಗಾಯೋಸ್. ಹೊರಗಿನ ಕಂಬ, ಹೂಬಳ್ಳಿಗಳ ಕೆತ್ತನೆ ಯುರೋಪಿನದು, ನಿಜ. ಒಳಗಿನ ವಿನ್ಯಾಸ ಮಾತ್ರ ಹಳೆಯ ತುರ್ಕಿ ಮನೆಯದೇ: ನಡುವೆ ದೊಡ್ಡ ಹಜಾರ, ಅದಕ್ಕೆ ತೆರೆದುಕೊಳ್ಳುವ ಕೋಣೆಗಳು. ಕೆಳಗಿನ ನೆಲವೂ ಮನುಷ್ಯರು ಮಾಡಿದ್ದೇ. ಹಿಂದೆ ಇಲ್ಲಿ ಒಟ್ಟೊಮನ್ ನೌಕಾಪಡೆ ಲಂಗರು ಹಾಕುವ ಕೊಲ್ಲಿ ಇತ್ತು. 17ನೇ ಶತಮಾನದಿಂದ ಅದನ್ನು ಮುಚ್ಚಿ ಉದ್ಯಾನ ಮಾಡಿದರು.

ತಪ್ಪು ಕಲ್ಪನೆ: ದರ್ಬಾರು ಹಜಾರದ ಭಾರಿ ತೂಗುದೀಪ ರಾಣಿ ವಿಕ್ಟೋರಿಯಾಳ ಉಡುಗೊರೆ.

ವಾಸ್ತವ: ದಶಕಗಟ್ಟಲೆ ಎಲ್ಲರೂ ಹೀಗೇ ನಂಬಿದ್ದರು. 36 ಮೀಟರ್ ಎತ್ತರದ ಗುಮ್ಮಟದಿಂದ ಇಳಿಬಿದ್ದಿರುವ ಈ ಸ್ಫಟಿಕದ ದೀಪ ಸುಮಾರು ನಾಲ್ಕೂವರೆ ಟನ್ ತೂಗುತ್ತದೆ, ಅದರಲ್ಲಿ 750 ದೀಪಗಳಿವೆ. ಕೆಳಗೆ ನಿಂತು ತಲೆ ಎತ್ತಿದರೆ ಅಷ್ಟು ಭಾರ ಹೇಗೆ ನಿಂತಿದೆ ಎಂಬ ಯೋಚನೆಯೇ ಮೊದಲು ಬರುತ್ತದೆ. 2006ರಲ್ಲಿ ಕಡತಗಳ ನಡುವೆ ಅದರ ರಸೀದಿ ಸಿಕ್ಕಿತು. ಸುಲ್ತಾನ್ ಪೂರ್ತಿ ಹಣ ತೆತ್ತು ಇಂಗ್ಲೆಂಡಿನಿಂದ ತರಿಸಿದ್ದ! ನನಗೆ ಈ ರಸೀದಿ ಉಡುಗೊರೆಯ ಕಥೆಗಿಂತ ದೊಡ್ಡದು. ಯಾರ ಹಂಗಿಲ್ಲದೆ ಸಮಾನನಾಗಿ ನಿಲ್ಲಬೇಕೆಂಬ ಛಲವೂ, ಅದಕ್ಕೆ ತೆತ್ತ ಬೆಲೆಯೂ ಒಂದೇ ಕಾಗದದಲ್ಲಿವೆ.

ತಪ್ಪು ಕಲ್ಪನೆ: ಈ ಅರಮನೆಯೊಂದೇ ಸಾಮ್ರಾಜ್ಯವನ್ನು ದಿವಾಳಿ ಎಬ್ಬಿಸಿತು.

ವಾಸ್ತವ: ಖರ್ಚು 50 ಲಕ್ಷ ಚಿನ್ನದ ಲಿರಾ ಎಂದು ಲೆಕ್ಕ, ಎಂದರೆ ಸುಮಾರು 35 ಟನ್ ಚಿನ್ನದ ಬೆಲೆ. ಬೊಕ್ಕಸಕ್ಕೆ ಅದು ದೊಡ್ಡ ಪೆಟ್ಟೇ. ಆದರೆ 1854ರಲ್ಲಿ ಮೊದಲ ವಿದೇಶಿ ಸಾಲ ಎತ್ತಿದ್ದು ಕ್ರಿಮಿಯಾ ಯುದ್ಧಕ್ಕಾಗಿ. ಆಮೇಲೆ ಸಾಲದ ಮೇಲೆ ಸಾಲ ಬೆಳೆಯಿತು, 1875ರಲ್ಲಿ ಸರ್ಕಾರ ಕೈಚೆಲ್ಲಿತು, 1881ರಲ್ಲಿ ಸಾಲ ಕೊಟ್ಟವರ ಮಂಡಳಿಯೊಂದು ರಾಜ್ಯದ ಕೆಲವು ತೆರಿಗೆಗಳನ್ನು ತಾನೇ ವಸೂಲಿ ಮಾಡತೊಡಗಿತು. ಯುದ್ಧ, ಬಡ್ಡಿ, ದುಂದುವೆಚ್ಚ ಮೂರೂ ಸೇರಿ ಆದ ಕೇಡನ್ನು ಒಂದು ಕಟ್ಟಡದ ತಲೆಗೆ ಕಟ್ಟುವುದು ನ್ಯಾಯವಲ್ಲ.

ತಪ್ಪು ಕಲ್ಪನೆ: ಜನಾನಾ ಎಂದರೆ ಸುಲ್ತಾನನ ವಿಲಾಸದ ಜಾಗ.

ವಾಸ್ತವ: ಅದು ರಾಜಮನೆತನದ ವಾಸದ ಮನೆ. ಅಲ್ಲಿ ಯಜಮಾನಿಕೆ ಸುಲ್ತಾನನ ತಾಯಿಯದು. ಅಬ್ದುಲ್ ಮಜೀದನ ತಾಯಿ ಬೆಜ್ಮಿಆಲೆಮ್ ಬಡವರಿಗೆ ಆಸ್ಪತ್ರೆ ಕಟ್ಟಿಸಿದವರು. ಅರಮನೆಯ ಪಕ್ಕದ ಮಸೀದಿಯನ್ನು ಆರಂಭಿಸಿದವರೂ ಅವರೇ.

ತಪ್ಪು ಕಲ್ಪನೆ: ಅರಮನೆಯ ಗಡಿಯಾರಗಳೆಲ್ಲ ಇವತ್ತಿಗೂ 9.05ಕ್ಕೆ ನಿಂತಿವೆ.

ವಾಸ್ತವ: ತುರ್ಕಿ ಗಣರಾಜ್ಯದ ಸ್ಥಾಪಕ ಮುಸ್ತಫಾ ಕೆಮಾಲ್ ಅತಾತುರ್ಕ್ 1938ರ ನವೆಂಬರ್ 10ರ ಬೆಳಿಗ್ಗೆ 9.05ಕ್ಕೆ ಇಲ್ಲೇ ಕಣ್ಣು ಮುಚ್ಚಿದರು. ಆಗ ಗಡಿಯಾರಗಳನ್ನು ನಿಲ್ಲಿಸಿದ್ದು ನಿಜ. ಈಗ ಅವರು ತೀರಿಕೊಂಡ ಕೋಣೆಯದೊಂದೇ ಹಾಗಿದೆ, ಉಳಿದವು ಸರಿಯಾದ ಸಮಯ ತೋರಿಸುತ್ತವೆ.

ತಪ್ಪು ಕಲ್ಪನೆ: ನಮ್ಮ ಕಡೆಗೂ ಈ ಅರಮನೆಗೂ ಏನೂ ನಂಟಿಲ್ಲ.

ವಾಸ್ತವ: ಅರಮನೆ ಕಟ್ಟಿಸಿದ ಸುಲ್ತಾನನ ಹೆಸರನ್ನೇ ಹೊತ್ತ, ಒಟ್ಟೊಮನ್ ಮನೆತನದ ಕೊನೆಯ ಖಲೀಫ ಅಬ್ದುಲ್ ಮಜೀದ್ ಎಫೆಂದಿ ಇಲ್ಲಿದ್ದವರು, ಒಳ್ಳೆಯ ಚಿತ್ರಕಾರ. 1924ರ ಮಾರ್ಚ್‌ನಲ್ಲಿ ಖಲೀಫ ಪದವಿ ರದ್ದಾದಾಗ ರಾತ್ರೋರಾತ್ರಿ ಇಲ್ಲಿಂದ ಕುಟುಂಬ ಸಮೇತ ದೇಶ ಬಿಟ್ಟರು. ದೇಶಭ್ರಷ್ಟರಾದ ಅವರಿಗೆ ಮಾಸಾಶನ ಕಳಿಸಿದವರು ಹೈದರಾಬಾದಿನ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್. 1931ರಲ್ಲಿ ಫ್ರಾನ್ಸಿನ ನೀಸ್ ನಗರದಲ್ಲಿ ಖಲೀಫರ ಮಗಳು ದುರ್ರುಶೆಹ್ವಾರ್ ನಿಜಾಮರ ಹಿರಿಯ ಮಗನನ್ನು ಮದುವೆಯಾಗಿ ಹೈದರಾಬಾದಿಗೆ ಸೊಸೆಯಾಗಿ ಬಂದರು. ಬೀದರ್, ಕಲಬುರಗಿ, ರಾಯಚೂರಿನ ಕನ್ನಡಿಗರು ಆಗ ಅದೇ ನಿಜಾಮರ ಪ್ರಜೆಗಳು.

ತಪ್ಪು ಕಲ್ಪನೆ: ಅರಮನೆ ನೋಡಿದರೆ ಆಯಿತು, ಸುತ್ತ ಏನಿದೆ?

ವಾಸ್ತವ: ಅರಮನೆಯನ್ನು ಬೆಳಗಿಸಲು ಹತ್ತಿರದಲ್ಲೇ ಗ್ಯಾಸ್ ಸ್ಥಾವರ ಹಾಕಿದ್ದರು, ಅದರಿಂದ ಮೇಲಿನ ಪೇರಾ ಬಡಾವಣೆಯ ಬೀದಿಯಲ್ಲೂ ದೀಪಗಳು ಉರಿದವು. ಊರಿಗೂ ಅರಮನೆಗೂ ಇಂಥ ನಂಟು ಹೆಜ್ಜೆಹೆಜ್ಜೆಗೂ ಸಿಗುತ್ತದೆ. ಕಬತಾಶ್‌ನಲ್ಲಿ ಟ್ರಾಮ್ ಇಳಿದು ನೀರಿನ ಪಕ್ಕ ನಡೆದರೆ ಮೊದಲು ಬೆಜ್ಮಿಆಲೆಮ್ ಮಸೀದಿ, ಆಮೇಲೆ ಗಡಿಯಾರ ಗೋಪುರ, ಅರಮನೆ, ಮುಂದೆ ಬೆಶಿಕ್ತಾಶ್. ಅಲ್ಲಿ ನೌಕಾ ಸೇನಾಪತಿ ಬಾರ್ಬರೋಸನ ಗೋರಿಯಿದೆ, ಫೆರಿ ಹಿಡಿಯಲು ಓಡುವ ಜನರಿದ್ದಾರೆ, ಒಳಗಲ್ಲಿಯಲ್ಲಿ ಮೀನುಪೇಟೆಯಿದೆ. ಇನ್ನೂ ಮುಂದೆ ಓರ್ತಾಕೊಯ್. ನೀರಿನಂಚಿನ ಅಲ್ಲಿನ ಪುಟ್ಟ ಮಸೀದಿಯೂ ಅಪ್ಪ-ಮಗ ಬಾಲ್ಯಾನರ ಕೈಕೆಲಸ. ಅದರ ಆಸುಪಾಸಿನಲ್ಲೇ ಗ್ರೀಕರ ಚರ್ಚು, ಯಹೂದಿಗಳ ಸಿನಗಾಗ್. ಸೋಮವಾರ ಅರಮನೆಗೆ ರಜೆ. ಆ ದಿನ ಊರಲ್ಲಿದ್ದರೆ ಈ ದಾರಿಯನ್ನು ಮೊದಲು ನಡೆದು ಮುಗಿಸಿ, ಮಂಗಳವಾರ ಒಳಗೆ ಹೋಗಿ.