ಹಳೆಯ ಮೋಟಾರುಗಳ ಓಟ

ಇಂಗ್ಲೆಂಡಿನ ಗ್ಲಾಸ್ಟರ್‌ಷೈರ್ ಪ್ರಾಂತದಲ್ಲಿ ಪ್ರೆಸ್ಕಾಟ್ ಎಂಬ ಗುಡ್ಡವೊಂದುಂಟು. ಬುಗಾಟಿ ಗಾಡಿಗಳ ಒಡೆಯರ ಸಂಘವು 1937ರಲ್ಲಿ ಆ ಸ್ಥಳವನ್ನು ಕೊಂಡು, ಮರುವರ್ಷದಿಂದ ಅಲ್ಲಿ ಮೋಟಾರು ಪಂದ್ಯಗಳನ್ನು ನಡೆಸತೊಡಗಿತು. ಪಂದ್ಯವೆಂದೊಡನೆ ಹತ್ತಾರು ಗಾಡಿಗಳು ಒಂದನ್ನೊಂದು ಅಟ್ಟಿಕೊಂಡು ಹೋಗುವ ಚಿತ್ರವನ್ನು ಶ್ರೋತೃಗಳು ಕಲ್ಪಿಸಿಕೊಳ್ಳಬಾರದು. ಒಂದೊಂದೇ ಗಾಡಿ ಬುಡದಿಂದ ಹೊರಟು, ತಿರುವುಗಳುಳ್ಳ ಏರುದಾರಿಯನ್ನು ಹತ್ತಿ ತುದಿಯನ್ನು ಮುಟ್ಟಬೇಕು, ಎದುರಾಳಿಯೆಂದರೆ ಗಡಿಯಾರವೊಂದೇ. ಸುಮಾರು ಒಂದು ನಿಮಿಷದಲ್ಲಿ ಎಲ್ಲವೂ ಮುಗಿಯುತ್ತದೆ. ಹಳೆಯ ಗಾಡಿಗಳ ಪಂದ್ಯದ ದಿನ ಇಲ್ಲಿಗೆ ಬರುವ ಅನೇಕ ಮೋಟಾರುಗಳಿಗೆ ತೊಂಬತ್ತು ವರ್ಷ ದಾಟಿದೆ. ಅವನ್ನು ಓಡಿಸುವವರು ವೃತ್ತಿಯ ಸಾರಥಿಗಳಲ್ಲ, ಬೇರೆ ಉದ್ಯೋಗಗಳಿಂದ ಜೀವಿಸುವ ಹವ್ಯಾಸಿಗಳು.

ಇದನ್ನು ಕೇಳಿದವರಿಗೆ ಒಂದು ಸಂದೇಹ ಹುಟ್ಟುವುದು ಸಹಜ. ಮುರಿದರೆ ಪುನಃ ದೊರೆಯದ ವಸ್ತುವನ್ನು ಪ್ರದರ್ಶನಶಾಲೆಯ ನೆರಳಿನಲ್ಲಿ ಕಾಪಾಡುವುದನ್ನು ಬಿಟ್ಟು, ಹೀಗೆ ಗುಡ್ಡ ಹತ್ತಿಸಿ ಹಿಂಸಿಸುವುದು ಅವಿವೇಕವಲ್ಲವೆ? ಅವಿವೇಕವಲ್ಲವೆಂದೇ ನನ್ನ ಅಭಿಪ್ರಾಯ. ಕಾರಣವನ್ನು ಮಾತ್ರ ಯಂತ್ರದ ಒಳಹೊಕ್ಕು ಹೇಳಬೇಕಾಗುತ್ತದೆ.

ನಿಂತ ಗಾಡಿ ಸುಖವಾಗಿರುತ್ತದೆಂಬುದು ಭ್ರಮೆ. ತಿಂಗಳುಗಟ್ಟಲೆ ಓಡದಿದ್ದರೆ ಒಳಗಿನ ಲೋಹದ ಮೇಲಿನ ಎಣ್ಣೆ ಇಳಿದುಹೋಗಿ ತುಕ್ಕಿಗೆ ಎಡೆಯಾಗುತ್ತದೆ. ಪೆಟ್ರೋಲು ಕೆಟ್ಟು ಅಂಟಾಗಿ ಸಣ್ಣ ರಂಧ್ರಗಳನ್ನು ಮುಚ್ಚುತ್ತದೆ. ಚರ್ಮ, ರಬ್ಬರುಗಳು ಒಣಗಿ ಬಿರಿಯುತ್ತವೆ. ಮೆಲ್ಲನೆ ಓಡಿಸಿದರೆ ಈ ರೋಗಗಳು ಬಾರವು, ನಿಜ. ಆದರೆ ಮೆಲ್ಲನೆಯ ಓಟದಲ್ಲಿ ಅಡಗಿ ಕುಳಿತ ದೋಷವು ಪಂದ್ಯದಲ್ಲಿ ಹೊರಬೀಳುತ್ತದೆ.

ಆಸ್ಟಿನ್ ಸೆವೆನ್ ಎಂಬ ಪುಟ್ಟ ಗಾಡಿಯನ್ನು ತೆಗೆದುಕೊಳ್ಳೋಣ. 1922ರಲ್ಲಿ ಸಾಮಾನ್ಯ ಸಂಸಾರಿಗಳಿಗೆಂದು ಹೊರಟ ಇದು, ಅಗ್ಗವಾದ್ದರಿಂದಲೇ ಹವ್ಯಾಸಿಗಳ ಅಚ್ಚುಮೆಚ್ಚಾಯಿತು. ಮುಂದೆ ಲೋಟಸ್ ಗಾಡಿಗಳಿಂದ ಪ್ರಸಿದ್ಧನಾದ ಕಾಲಿನ್ ಚಾಪ್‌ಮನ್ ತನ್ನ ಮೊದಲ ಗಾಡಿಯನ್ನು ಕಟ್ಟಿದ್ದು ಹಳೆಯ ಆಸ್ಟಿನ್ ಸೆವೆನ್ನಿನಿಂದಲೇ. ಇದರ ಕ್ರ್ಯಾಂಕ್ ದಂಡವನ್ನು 1936ರವರೆಗೆ ಎರಡು ತುದಿಗಳಲ್ಲಿ ಮಾತ್ರ ಬೇರಿಂಗುಗಳು ಹಿಡಿದಿದ್ದುವು, ನಡುವೆ ಆಸರೆಯಿರಲಿಲ್ಲ. ವೇಗ ಏರಿದಂತೆ ದಂಡವು ನಡುವಿನಲ್ಲಿ ಬಳುಕುತ್ತದೆ. ಬಳುಕಿ ಬಳುಕಿ ದಣಿದು ಒಂದು ದಿನ ಎರಡಾಗುತ್ತದೆ. ಆದಕಾರಣ ಪಂದ್ಯಕ್ಕೆ ಹೋಗುವವರು ಹೆಚ್ಚು ಬಲವಾದ ಉಕ್ಕಿನ ಹೊಸ ದಂಡವನ್ನು ಮಾಡಿಸಿ ಹಾಕಿಸುತ್ತಾರೆ.

ಹೊಸದನ್ನು ಮಾಡಿಸುವುದೆಂದರೆ ಮಾಡುವವನೊಬ್ಬನಿರಬೇಕಷ್ಟೆ. ಇಲ್ಲಿಯೇ ನಿಜವಾದ ವಿಷಯವಿರುವುದು. ಆ ಕಾಲದ ಎಂಜಿನ್ನುಗಳ ಬೇರಿಂಗಿನೊಳಗೆ ಬಿಳಿಯ ಮೆದುಲೋಹವನ್ನು ಕರಗಿಸಿ ಹೊಯ್ಯುತ್ತಿದ್ದರು. ತವರಕ್ಕೆ ಆಂಟಿಮನಿಯನ್ನೂ ತಾಮ್ರವನ್ನೂ ಬೆರೆಸಿದ ಲೋಹವದು. ಮೆದುವಾಗಿರುವುದೇ ಅದರ ಗುಣ: ಕಸದ ಕಣ ಬಂದರೆ ತನ್ನೊಳಗೆ ಹುದುಗಿಸಿಕೊಂಡು, ಬೆಲೆಬಾಳುವ ದಂಡವನ್ನು ಗೀರಾಗದಂತೆ ಕಾಯುತ್ತದೆ. ಹೊಯ್ದ ಬಳಿಕ ಕೊರೆದು, ದಂಡಕ್ಕೆ ತೆಳ್ಳಗೆ ನೀಲಿ ಬಳಿದು ಕೂರಿಸಿ ತಿರುಗಿಸಬೇಕು. ನೀಲಿ ಅಂಟಿದ ಎತ್ತರಗಳನ್ನು ಕೈಯುಳಿಯಿಂದ ಕೂದಲೆಳೆಯಷ್ಟು ಹೆರೆಯಬೇಕು. ಮತ್ತೆ ಬಳಿಯಬೇಕು, ಮತ್ತೆ ಹೆರೆಯಬೇಕು. ಈ ವಿದ್ಯೆ ಪುಸ್ತಕದಿಂದ ಬರುವುದಲ್ಲ. ಪ್ರದರ್ಶನಶಾಲೆಯ ಗಾಡಿಗೆ ಬೇರಿಂಗು ಸವೆಯುವುದೇ ಇಲ್ಲ. ಎಲ್ಲ ಗಾಡಿಗಳೂ ಅಲ್ಲಿಯೇ ಸೇರಿದ್ದರೆ ಈ ಕೈಗಳಿಗೆ ಕೆಲಸವಿರುತ್ತಿರಲಿಲ್ಲ. ಮುರಿಯುವವರು ಇರುವುದರಿಂದ ಕಟ್ಟುವವರು ಉಳಿದಿದ್ದಾರೆ.

ಒಡೆಯನು ತಾನೇ ಮಾಡಿಕೊಳ್ಳುವ ಕೆಲಸಗಳೂ ಉಂಟು. ಎರಡು ಕಾರ್ಬುರೇಟರುಗಳಿರುವ ಎಂಜಿನ್ನಿನಲ್ಲಿ ಎರಡೂ ಸಮನಾಗಿ ಉಸಿರೆಳೆಯಬೇಕು. ರಬ್ಬರಿನ ಕೊಳವೆಯ ಒಂದು ತುದಿಯನ್ನು ಕಿವಿಯಲ್ಲಿಟ್ಟು, ಇನ್ನೊಂದನ್ನು ಎರಡರ ಬಾಯಿಗೂ ಸರದಿಯಂತೆ ಹಿಡಿದು, ಬುಸುಗುಟ್ಟುವ ಸದ್ದು ಒಂದೇ ಆಗುವವರೆಗೆ ತಿರುಪನ್ನು ಸರಿಪಡಿಸುತ್ತಾರೆ. ಕೇವಲ ಕಿವಿಯನ್ನು ನಂಬಿದ ನಮ್ಮ ಆಕಾಶವಾಣಿಯ ಶ್ರೋತೃಗಳಿಗೆ ಇದು ಮೆಚ್ಚುಗೆಯಾಗಬಹುದು!

ಹೀಗೆ ಭಾಗಗಳನ್ನು ಬದಲಾಯಿಸುತ್ತ ಹೋದರೆ ಕೊನೆಗೆ ಉಳಿದದ್ದು ಹಳೆಯ ಗಾಡಿಯೇ? ಈ ಪ್ರಶ್ನೆ 1990ರಲ್ಲಿ ಇಂಗ್ಲೆಂಡಿನ ನ್ಯಾಯಾಲಯವನ್ನೇರಿತು. ವಾದಕ್ಕೆ ಸಿಕ್ಕಿದ್ದು ‘ಓಲ್ಡ್ ನಂಬರ್ ಒನ್’ ಎಂಬ ಬೆಂಟ್ಲಿ. 1929ರಲ್ಲಿಯೂ 1930ರಲ್ಲಿಯೂ ಫ್ರಾನ್ಸಿನ ಲ ಮಾನ್ ಪಂದ್ಯವನ್ನು ಗೆದ್ದ ಗಾಡಿ. 1932ರಲ್ಲಿ ಬ್ರೂಕ್‌ಲೆಂಡ್ಸ್ ಪಥದ ದಂಡೆಯ ಮೇಲಿಂದ ಹಾರಿಬಿದ್ದು, ಸಾರಥಿ ಕ್ಲೈವ್ ಡನ್‌ಫೀ ಮೃತನಾದದ್ದೂ ಇದರಲ್ಲಿಯೇ. ಆ ಬಳಿಕ ಅದನ್ನು ಪುನಃ ಕಟ್ಟಲಾಯಿತು. ಒಂದು ಕೋಟಿ ಪೌಂಡಿಗೆ ಕೊಳ್ಳಲೊಪ್ಪಿದ್ದವರು, ಇದು ಆ ಗಾಡಿಯೇ ಅಲ್ಲವೆಂದು ಹಿಂಜರಿದರು. ಗೆದ್ದ ಗಾಡಿಯ ಭಾಗಗಳು ಅತ್ಯಲ್ಪವಾಗಿ ಉಳಿದಿದ್ದುವೆಂಬುದು ನಿಜವೇ ಆಗಿತ್ತು. ಆದರೂ ಅದರ ಬಾಳು ನಡುವೆ ಕಡಿಯದೆ ಒಂದೇ ಎಳೆಯಾಗಿ ಸಾಗಿಬಂದಿದೆ, ಆದ್ದರಿಂದ ಆ ಹೆಸರಿಗೆ ಅದೇ ಅರ್ಹವೆಂದು ನ್ಯಾಯಮೂರ್ತಿ ಆಟನ್ ತೀರ್ಪಿತ್ತರು. ತೇರಿನ ಗಾಲಿಯನ್ನೂ ತೊಲೆಯನ್ನೂ ಬದಲಿಸಿ ಅದೇ ತೇರನ್ನು ಎಳೆಯುವ ನಮಗೆ ಈ ತೀರ್ಪು ವಿಚಿತ್ರವಾಗಿ ತೋರದು.

ಸಾವಿನ ಮಾತನ್ನು ನಾನು ಹಗುರವಾಗಿ ಎಣಿಸುವವನಲ್ಲ. ಹಳೆಯ ಬ್ರೇಕುಗಳು ದುರ್ಬಲ, ಟೈರುಗಳು ಸಪುರ. ಪ್ರೆಸ್ಕಾಟಿನಲ್ಲಿ ಹೊರಡುವ ಮುನ್ನ ಪರೀಕ್ಷಕರು ಪ್ರತಿಯೊಂದು ಗಾಡಿಯನ್ನೂ ನೋಡಿ ಬಿಡುತ್ತಾರೆ. ಗುಡ್ಡವಿಳಿದು ಬಂದ ಒಡೆಯನು, ತನ್ನ ವೇಳೆಯೆಷ್ಟೆಂದು ವಿಚಾರಿಸುವ ಮೊದಲೇ ಬಾನೆಟ್ಟನ್ನೆತ್ತಿ, ಎಲ್ಲಿ ಎಣ್ಣೆ ಸೋರಿದೆಯೆಂದು ಬಗ್ಗಿ ನೋಡುತ್ತಿರುತ್ತಾನೆ.