ಗೂಡಿನ ಫೋಟೊ ಬೇಡ, ಹಕ್ಕಿಯ ಫೋಟೊ ಸಾಕು

ರಜೆ ಬಂತೆಂದರೆ ನಮ್ಮ ಹುಡುಗರು ಈಗ ಕ್ಯಾಮೆರಾ ಹಿಡಿದು ಹಕ್ಕಿ ಹುಡುಕಿ ಹೊರಡುತ್ತಾರೆ. ಒಳ್ಳೆಯ ಹವ್ಯಾಸವೇ. ಆದರೆ ಹಕ್ಕಿ ನೋಡುವುದಕ್ಕೂ ಹಕ್ಕಿಗೆ ತೊಂದರೆ ಕೊಡುವುದಕ್ಕೂ ನಡುವೆ ಇರುವುದು ನಾಲ್ಕೇ ಹೆಜ್ಜೆ. ಅದನ್ನು ಮಕ್ಕಳಿಗೆ ಹೇಳಿಕೊಡಬೇಕಾದವರು ನಾವು ದೊಡ್ಡವರು.

ಊರಿನ ಕಡೆ ಹಕ್ಕಿ ನೋಡಲು ಅಳಿವೆಯ ಕಾಂಡ್ಲಾ ಕಾಡಿಗಿಂತ ಒಳ್ಳೆಯ ಜಾಗ ಬೇಕಿಲ್ಲ. ಕುಂದಾಪುರದ ಪಂಚಗಂಗಾವಳಿಯಲ್ಲಿದೆ, ಕುಮಟಾ ಬಳಿಯ ಅಘನಾಶಿನಿಯಲ್ಲಿದೆ. ಅಘನಾಶಿನಿ ಅಳಿವೆಗೆ 2024ರಲ್ಲಿ ರಾಮ್ಸಾರ್ ಮಾನ್ಯತೆಯೂ ಸಿಕ್ಕಿತು. ಇಲ್ಲಿ ಗಡಿಯಾರಕ್ಕಿಂತ ನೀರಿನ ಉಬ್ಬರ ಇಳಿತ ನೋಡಿಕೊಂಡು ಹೋಗಬೇಕು. ನೀರು ಏರಿದಾಗ ಬೆಳ್ಳಕ್ಕಿ, ನೀರುಕಾಗೆಗಳು ಮರದ ಮೇಲೆ ಕೂರುತ್ತವೆ. ನೀರು ಇಳಿದು ಕೆಸರು ಕಂಡ ಕೂಡಲೇ ಗೊರವಗಳು ಹುಳ, ಸಿಗಡಿ ಹೆಕ್ಕಲು ಇಳಿಯುತ್ತವೆ. ಬೆಳಗಿನ ಇಳಿತದಲ್ಲಿ ಸೂರ್ಯ ಬೆನ್ನಿಗಿರುವಂತೆ ಒಂದೇ ಕಡೆ ಸುಮ್ಮನೆ ಕೂತರೆ ಸಾಕು, ಹಕ್ಕಿಯೇ ಹತ್ತಿರ ಬರುತ್ತದೆ. ಅಟ್ಟಿಕೊಂಡು ಹೋದರೆ ಹಾರಿ ಹೋಗುತ್ತದೆ. ಬಹುದೂರ ಹಾರಿ ವಲಸೆ ಬಂದ ಹಕ್ಕಿಗೆ ಆ ಕೆಲವು ಗಂಟೆಯ ಮೇವೇ ಬದುಕು.

ನಾವಿರುವ ಕಲಬುರಗಿಯ ಸೇಡಂ ರಸ್ತೆ ಕಡೆ ಸಮುದ್ರವೂ ಇಲ್ಲ, ಕಾಂಡ್ಲವೂ ಇಲ್ಲ. ಆದರೂ ಹಕ್ಕಿಗೇನೂ ಬರವಿಲ್ಲ. ಚಿಂಚೋಳಿಯಲ್ಲಿ ವನ್ಯಜೀವಿ ಧಾಮ ಇದೆ, ಸುರಪುರದ ಬಳಿ ಬೋನಾಳ ಕೆರೆಯ ಪಕ್ಷಿಧಾಮ ಇದೆ. ಖಾಲಿ ಬಯಲಿನಲ್ಲಿ ಟಿಟ್ಟಿಭ ಸಿಗುತ್ತದೆ. ಇದು ಗೂಡು ಕಟ್ಟುವುದೇ ಇಲ್ಲ, ಬರಿ ನೆಲದ ಮೇಲೆ, ಕಲ್ಲಿನ ಬಣ್ಣದ ನಾಲ್ಕು ಮೊಟ್ಟೆ ಇಡುತ್ತದೆ. ಅದೂ ಬೇಸಿಗೆಯಲ್ಲಿ. ಇಲ್ಲಿನ ಬಿಸಿಲು 40 ಡಿಗ್ರಿ ದಾಟುತ್ತದೆ ನೋಡಿ! ಹಾಗಾಗಿ ತಾಯಿ ತಂದೆ ಸರದಿಯಲ್ಲಿ ನೆರಳಾಗಿ ನಿಲ್ಲುತ್ತವೆ, ಹೊಟ್ಟೆಯ ಗರಿ ನೀರಲ್ಲಿ ನೆನೆಸಿಕೊಂಡು ಬಂದು ಮೊಟ್ಟೆ ತಂಪು ಮಾಡುತ್ತವೆ. ಫೋಟೊಕ್ಕೆಂದು ನಾವು ಅಲ್ಲೇ ಅರ್ಧ ಗಂಟೆ ನಿಂತರೆ? ಹಕ್ಕಿ ಕೂಗುತ್ತಾ ದೂರವೇ ಸುತ್ತುತ್ತದೆ, ಇತ್ತ ಮೊಟ್ಟೆ ಬಿಸಿಲಲ್ಲಿ ಬೆಂದು ಹೋಗಬಹುದು.

ಕಾಂಡ್ಲಾದಲ್ಲೂ ಅಷ್ಟೇ. ದೋಣಿ ಗೂಡಿನ ಹತ್ತಿರ ಹೋದರೆ ತಾಯಿ ಏಳುತ್ತದೆ, ಆ ಗಳಿಗೆಗೆ ಕಾದಿದ್ದ ಕಾಗೆ ಇಳಿಯುತ್ತದೆ. ಚಿತ್ರ ಚಂದ ಬರಲೆಂದು ಅಡ್ಡದ ಕೊಂಬೆ ಮುರಿದರೆ ಮರಿಯ ನೆರಳೂ ಹೋಯಿತು, ಮರೆಯೂ ಹೋಯಿತು.

ಮರಿಗಳನ್ನು ಕಳೆದುಕೊಂಡು ರೆಕ್ಕೆ ಬಡಿಯುತ್ತಿದ್ದ ಹಕ್ಕಿಯನ್ನು ಕಂಡು, ಮರಿಗಳನ್ನು ತಾಯಿಗೆ ಮರಳಿಸಿ ಎಂದು ಪ್ರವಾದಿಯವರು (ಸ.ಅ.) ಹೇಳಿದ ಹದೀಸ್ ನಮ್ಮ ಮದ್ರಸದ ಮಕ್ಕಳಿಗೂ ಗೊತ್ತು. ಕಾನೂನೂ ಅದನ್ನೇ ಹೇಳುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕಾಡುಹಕ್ಕಿಯ ಮೊಟ್ಟೆ, ಗೂಡಿಗೆ ಹಾನಿ ಮಾಡುವುದೂ ಬೇಟೆಯೇ.

ಹಕ್ಕಿಗಳ ಸಲೀಂ ಅಲಿಯವರ ಕತೆಯನ್ನೂ ಮಕ್ಕಳಿಗೆ ಹೇಳಿ. 1896ರಲ್ಲಿ ಮುಂಬೈಯಲ್ಲಿ ಹುಟ್ಟಿ, ಚಿಕ್ಕಂದಿನಲ್ಲೇ ತಂದೆ ತಾಯಿ ಕಳೆದುಕೊಂಡವರು. ಎಳೆಯ ವಯಸ್ಸಲ್ಲಿ ಆಟದ ಬಂದೂಕಿನಿಂದ ಹೊಡೆದ ಗುಬ್ಬಚ್ಚಿಯ ಕತ್ತಲ್ಲಿ ಹಳದಿ ಗುರುತು ಕಂಡು, ಇದು ಯಾವುದೆಂದು ಕೇಳಲು ಹೋದದ್ದೇ ಅವರ ದಾರಿಯಾಯಿತು. ನಮ್ಮ ರಂಗನತಿಟ್ಟು 1940ರಲ್ಲಿ ಪಕ್ಷಿಧಾಮವಾದದ್ದು ಅವರು ಒತ್ತಾಯಿಸಿದ್ದರಿಂದ.

ಮಕ್ಕಳಿಗೆ ಇಷ್ಟು ಹೇಳಿ ಕಳಿಸಿ: ಹಕ್ಕಿ ಕೂಗಿ ಎದ್ದರೆ ನೀವು ಹಿಂದೆ ಸರಿಯಿರಿ. ಮೊಬೈಲಿನಲ್ಲಿ ಹಕ್ಕಿಯ ದನಿ ಹಾಕಿ ಕರೆಯಬೇಡಿ. ಗೂಡು ಎಲ್ಲಿದೆ ಎಂದು ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಮನೆಗೆ ಬಂದ ಮೇಲೆ ಹಕ್ಕಿಯ ಹೆಸರು, ದಿನ, ಜಾಗವನ್ನು ಒಂದು ಪುಸ್ತಕದಲ್ಲಿ ಬರೆದಿಡಿ.