ಹೊಸ ಮರದ ಹಳೆಯ ಗುಡಿಗಳು

ನಾರಾದ ಜಿಂಕೆಗಳಿಗೆ ಬೆಳಗಿನ ಹೊತ್ತು ಹಸಿವು ಜೋರು. ತೋದೈಜಿ ದೇವಾಲಯಕ್ಕೆ ಹೋಗುವ ಹಾದಿಯುದ್ದಕ್ಕೂ ಅಕ್ಕಿ ತೌಡಿನ ಬಿಲ್ಲೆಗಳನ್ನು ಕಾಗದದ ಪಟ್ಟಿ ಸುತ್ತಿ ಮಾರುತ್ತಾರೆ. ಒಂದು ಕಟ್ಟು ಕೈಗೆ ಬಂದದ್ದೇ ತಡ, ನಾಲ್ಕಾರು ಒದ್ದೆ ಮೂತಿಗಳು ಸುತ್ತುವರಿಯುತ್ತವೆ. ಕೆಲವು ತಲೆ ತಗ್ಗಿಸಿ ನಮಸ್ಕರಿಸುತ್ತವೆ. ಕೊಡುವುದು ತಡವಾದರೆ ಅಂಗಿಯ ಚುಂಗು ಹಿಡಿದು ಎಳೆಯುತ್ತವೆ. ಪಕ್ಕದ ಕಾಸುಗ ಗುಡಿಯ ದೇವರು ಬಿಳಿ ಜಿಂಕೆಯ ಬೆನ್ನೇರಿ ಈ ಊರಿಗೆ ಬಂದನೆಂಬ ನಂಬಿಕೆಯಿದೆ. ಹಾಗಾಗಿ ಸಾವಿರಕ್ಕೂ ಮಿಕ್ಕಿದ ಈ ಜಿಂಕೆಗಳಿಗೆ ಬೇಲಿಯಿಲ್ಲ. ಅವು ರಸ್ತೆ ದಾಟುವಾಗ ಕಾರುಗಳು ಕಾಯುತ್ತವೆ.

ಜಿಂಕೆಗಳಿಂದ ಬಿಡಿಸಿಕೊಂಡು ತಲೆ ಎತ್ತಿದರೆ ಎದುರಿಗೆ ದಕ್ಷಿಣದ ಮಹಾದ್ವಾರ. ಬಣ್ಣ ಕಾಣದ, ಮಳೆಗಾಳಿಗೆ ಕಪ್ಪಗಾದ ಹದಿನೆಂಟು ಕಂಬಗಳು ನೆಲದಿಂದ ಮಾಡಿನವರೆಗೆ ನೇರ ಏರಿವೆ. ಎರಡೂ ಬದಿಯ ಗೂಡುಗಳಲ್ಲಿ ಎಂಟು ಮೀಟರಿಗೂ ಎತ್ತರದ ದ್ವಾರಪಾಲಕರು. ಒಬ್ಬನ ಬಾಯಿ ತೆರೆದಿದೆ, ಇನ್ನೊಬ್ಬನ ತುಟಿ ಬಿಗಿದಿದೆ. ಉನ್ಕೆ, ಕೈಕೆ ಎಂಬ ಶಿಲ್ಪಿಗಳ ತಂಡ 1203ರಲ್ಲಿ ಸಾವಿರಾರು ಮರದ ತುಂಡುಗಳನ್ನು ಜೋಡಿಸಿ, ಎರಡೂವರೆ ತಿಂಗಳೊಳಗೆ ಇವರನ್ನು ನಿಲ್ಲಿಸಿತು. ತೊಡೆಯ ನರಗಳ ಉಬ್ಬು, ಗಾಳಿಗೆ ಹಾರಿದ ಬಟ್ಟೆಯ ಮಡಿಕೆ, ಎಲ್ಲವೂ ಮರವೇ. ಅಂಥ ಭೀಕರ ಮುಖಗಳ ಕೆಳಗೆ ಜಿಂಕೆಮರಿಯೊಂದು ಕಾಲು ಮಡಚಿ ಮೆಲುಕು ಹಾಕುತ್ತಿರುತ್ತದೆ.

ಮೊದಲ ಸಲ ಜಪಾನಿಗೆ ಹೋಗುವವರು ಟೋಕಿಯೋ, ಫ್ಯೂಜಿ, ಕ್ಯೋಟೋ ಎಂದು ಪಟ್ಟಿ ಮಾಡಿಕೊಂಡು, ನಾರಾಕ್ಕೆ ಅರ್ಧ ದಿನ ಇಡುತ್ತಾರೆ. ಕ್ಯೋಟೋದಿಂದ ರೈಲಿನಲ್ಲಿ ಮುಕ್ಕಾಲು ಗಂಟೆಯ ದಾರಿ, ಹೋಗಿ ಬಂದರಾಯಿತು ಎಂಬ ಲೆಕ್ಕ. ನನ್ನ ಮಾತು ಕೇಳುವುದಾದರೆ ಇಲ್ಲಿಗೆ ಇಡೀ ದಿನ ಕೊಡಿ, ಸಾಧ್ಯವಾದರೆ ಪ್ರವಾಸವನ್ನು ಇಲ್ಲಿಂದಲೇ ಶುರುಮಾಡಿ. ಜಪಾನು ಹಳೆಯದನ್ನು ಹೇಗೆ ಉಳಿಸಿಕೊಳ್ಳುತ್ತದೆ ಎಂಬುದು ತೋದೈಜಿಯಲ್ಲಿ ಕಣ್ಣಿಗೆ ಕಾಣುತ್ತದೆ. ಅದು ಕಂಡ ಮೇಲೆ ಮಿಕ್ಕ ಊರುಗಳೂ ಬೇರೆಯಾಗಿಯೇ ತೋರುತ್ತವೆ.

ತೋದೈಜಿಯೊಳಗಿನ ಕಂಚಿನ ಬುದ್ಧ ಸುಮಾರು 15 ಮೀಟರ್ ಎತ್ತರ. 752ರಲ್ಲಿ ಈ ಮೂರ್ತಿಗೆ ಕಣ್ಣು ಬರೆದು ದೃಷ್ಟಿ ಕೊಟ್ಟವನು ಭಾರತದಿಂದ ಹೋದ ಭಿಕ್ಷು ಬೋಧಿಸೇನ. ಅವನ ಕುಂಚಕ್ಕೆ ಉದ್ದನೆಯ ನೀಲಿ ಹುರಿ ಕಟ್ಟಿ, ನೆರೆದ ಜನ ಅದನ್ನು ಹಿಡಿದು ಪುಣ್ಯ ಹಂಚಿಕೊಂಡರು. ಆ ಕುಂಚವೂ ಹುರಿಯೂ ಇಲ್ಲಿನ ಶೋಸೋಇನ್ ಭಂಡಾರದಲ್ಲಿ ಇಂದಿಗೂ ಇವೆ. ಮೂರ್ತಿ ಮಾತ್ರ ಹಾಗೆಯೇ ಉಳಿಯಲಿಲ್ಲ. 855ರ ಭೂಕಂಪದಲ್ಲಿ ತಲೆ ಕಳಚಿ ಬಿತ್ತು. 1180ರಲ್ಲಿ, ಮತ್ತೆ 1567ರಲ್ಲಿ ಯುದ್ಧದ ಬೆಂಕಿ ಮಂದಿರವನ್ನು ನುಂಗಿತು. 1185ರಲ್ಲಿ ದುರಸ್ತಿಯಾದ ಬುದ್ಧನಿಗೆ ನಿವೃತ್ತ ಚಕ್ರವರ್ತಿ ಗೋ-ಶಿರಾಕಾವ ಬೋಧಿಸೇನನ ಕುಂಚದಿಂದಲೇ ಮತ್ತೆ ಕಣ್ಣು ಬರೆದ. ಈಗಿನ ತಲೆ 17ನೇ ಶತಮಾನದ್ದು. ಪೀಠದ ಕೆಲವು ತಾವರೆ ಎಸಳುಗಳು 8ನೇ ಶತಮಾನದವು. 1709ರಲ್ಲಿ ಮುಗಿದ ಈಗಿನ ಮಂದಿರದ ಅಗಲ ಮೊದಲಿನದರ ಮೂರರಲ್ಲಿ ಎರಡು ಪಾಲು. ಅದರೊಳಗೆ ಕಾಲಿಟ್ಟಾಗಲೂ ಉಸಿರು ಒಂದು ಗಳಿಗೆ ನಿಲ್ಲುತ್ತದೆ. ಹಿಂಬದಿಯ ಕಂಬವೊಂದರ ಬುಡದಲ್ಲಿ ತೂತಿದೆ, ಬುದ್ಧನ ಮೂಗಿನ ಹೊಳ್ಳೆಯಷ್ಟು ಎನ್ನುತ್ತಾರೆ. ಮಕ್ಕಳು ಸಾಲುಗಟ್ಟಿ ಅದರಲ್ಲಿ ನುಸುಳಿ ಆಚೆ ಬಂದು ನಗುತ್ತಾರೆ.

ಗುಡ್ಡದ ಇಳಿಜಾರಿನಲ್ಲಿ ನಿಗತ್ಸುದೋ ಎಂಬ ಗುಡಿ ಇದೆ. ಮಾರ್ಚ್ 1ರಿಂದ 14ರವರೆಗೆ ಪ್ರತಿ ಸಂಜೆ ಅದರ ಜಗಲಿಯ ಮೇಲೆ ಉದ್ದನೆಯ ಬಿದಿರಿನ ಪಂಜುಗಳನ್ನು ಹೊತ್ತು ಓಡುತ್ತಾರೆ. ಮರದ ಕಟ್ಟಡದ ಅಂಚಿನಿಂದ ಕಿಡಿಗಳು ಮಳೆಯಾಗಿ ಸುರಿಯುತ್ತವೆ, ಕೆಳಗಿನ ಜನ ಅದಕ್ಕೆ ಮೈಯೊಡ್ಡಿ, ಕರಿಕಲನ್ನು ಆಯ್ದು ಮನೆಗೆ ಒಯ್ಯುತ್ತಾರೆ. 1667ರಲ್ಲಿ ಇದೇ ಆಚರಣೆಯ ನಡುವೆ ಗುಡಿ ಸುಟ್ಟುಹೋಗಿತ್ತು. ಎರಡೇ ವರ್ಷದಲ್ಲಿ ಕಟ್ಟಿ ನಿಲ್ಲಿಸಿದರು, ಪಂಜನ್ನು ಬಿಡಲಿಲ್ಲ. 752ರಿಂದ ಒಂದು ವರ್ಷವೂ ತಪ್ಪದೆ ನಡೆದು ಬಂದ ಆಚರಣೆ ಅದು.

ಇಷ್ಟು ನೋಡಿ ಕ್ಯೋಟೋಕ್ಕೆ ಬಂದರೆ ಫುಶಿಮಿ ಇನಾರಿಯ ಕೆಂಪು ಕಮಾನುಗಳು ಬರೀ ಫೋಟೋದ ಹಿನ್ನೆಲೆಯಾಗಿ ಉಳಿಯುವುದಿಲ್ಲ. ಇನಾರಿ ರೈಲು ನಿಲ್ದಾಣದ ಎದುರಿಗೇ ಗುಡಿ. ಟಿಕೆಟ್ಟಿಲ್ಲ, ಬಾಗಿಲು ಹಾಕುವ ಹೊತ್ತೂ ಇಲ್ಲ. ಭತ್ತದ ದೇವರು, ವ್ಯಾಪಾರಿಗಳಿಗೂ ಆಪ್ತ. ಹರಕೆ ಹೊತ್ತವರು ಕೊಟ್ಟ ಸಾವಿರಾರು ತೋರಿ ಕಮಾನುಗಳು ಒಂದಕ್ಕೊಂದು ಒತ್ತಿ ನಿಂತು ಬೆಟ್ಟ ಹತ್ತಿವೆ. ಏರುವಾಗ ಬರೀ ಕೆಂಪು ಕಾಣುತ್ತದೆ. ಇಳಿಯುವಾಗ ಪ್ರತಿ ಕಂಬದ ಹಿಂಬದಿಯಲ್ಲಿ ಕೊಟ್ಟವರ ಹೆಸರು, ತಾರೀಖು ಕಪ್ಪಕ್ಷರದಲ್ಲಿ ಓಡಿಬರುತ್ತವೆ. ಬುಡ ಕೊಳೆತ ಕಂಬ ತೆಗೆದಲ್ಲಿ ಹೊಸ ಹೆಸರಿನ ಹೊಸ ಕಮಾನು ಏಳುತ್ತದೆ. ಜನ ಮೊದಲ ತಿರುವಿನಲ್ಲೇ ಹಿಂದಿರುಗುತ್ತಾರೆ. ಅರ್ಧ ಬೆಟ್ಟದ ಯೋತ್ಸುತ್ಸುಜಿ ಕೂಡುದಾರಿಯವರೆಗಾದರೂ ಹತ್ತಿ, ಊರೆಲ್ಲ ಕೆಳಗೆ ಹರಡಿಕೊಳ್ಳುತ್ತದೆ.

ಕಿಂಕಾಕುಜಿಯ ಚಿನ್ನದ ಮಂಟಪ ಕೊಳದಲ್ಲಿ ತನ್ನ ನೆರಳಿನ ಮೇಲೆ ನಿಂತಂತಿದೆ. ಅದಕ್ಕೆ 1950ರಲ್ಲಿ ಬೆಂಕಿಯಿಟ್ಟವನು ಅಲ್ಲಿಯದೇ ಒಬ್ಬ ಎಳೆಯ ಭಿಕ್ಷು, ಈಗಿನದು 1955ರದು. ಜನಜಂಗುಳಿ ತಳ್ಳಿಕೊಂಡು ಹೋಗುತ್ತದೆ, ಅಲ್ಲಿ ಹೆಚ್ಚು ಹೊತ್ತು ಸಿಗದು. ಕಿಯೊಮಿಜು ಗುಡಿಯಲ್ಲಿ ನಿಲ್ಲಿ. ಕಣಿವೆಯ ಮೇಲೆ 13 ಮೀಟರ್ ಎತ್ತರಕ್ಕೆ ಚಾಚಿದ ಅಲ್ಲಿನ ಮರದ ಜಗಲಿಯನ್ನು 1633ರಲ್ಲಿ ಕಟ್ಟಿದ್ದು ಕಂಬಕ್ಕೆ ಅಡ್ಡಪಟ್ಟಿ ತೂರಿಸಿ, ಬೆಣೆ ಬಡಿದು. ಮೇಲಿನಿಂದ ನೋಟ ಮುಗಿಸಿ ಕೆಳಗಿಳಿದು, ಆ ಹೆಣಿಗೆಯನ್ನು ಬುಡದಿಂದ ನೋಡಬೇಕು. ಎಲ್ಲವೂ ಸುಟ್ಟು ಕಟ್ಟಿದ್ದೇ ಎಂದೂ ತಿಳಿಯಬಾರದು: ನಾರಾದ ಬಳಿಯ ಹೋರ್ಯುಜಿಯಲ್ಲಿ ಸಾವಿರದ ಮುನ್ನೂರು ವರ್ಷದ ತೊಲೆಗಳು ಇನ್ನೂ ಭಾರ ಹೊತ್ತಿವೆ, ಜಗತ್ತಿನಲ್ಲಿ ಉಳಿದಿರುವ ಅತಿ ಹಳೆಯ ಮರದ ಕಟ್ಟಡಗಳವು.

ಕ್ಯೋಟೋದಿಂದ ಟೋಕಿಯೋಗೆ ಶಿಂಕಾನ್ಸೆನ್ ರೈಲಿನಲ್ಲಿ ಎರಡೂಕಾಲು ಗಂಟೆ. ಆ ದಿಕ್ಕಿಗೆ ಹೋಗುವಾಗ ಎಡಗಡೆಯ ಕಿಟಕಿ ಹಿಡಿದರೆ, ಮೋಡ ಬಿಟ್ಟರೆ, ಫ್ಯೂಜಿ. ಅಸಾಕುಸಾದ ಸೆನ್ಸೋಜಿಯಲ್ಲಿ ಧೂಪದ ಹೊಗೆಯನ್ನು ಜನ ಬೊಗಸೆಯಲ್ಲಿ ತಲೆಗೆ ಸವರಿಕೊಳ್ಳುತ್ತಾರೆ. 1945ರ ಬಾಂಬ್ ದಾಳಿಯಲ್ಲಿ ಉರಿದ ಅದರ ಮಂದಿರವನ್ನು 1958ರಲ್ಲಿ ಕಾಂಕ್ರೀಟಿನಲ್ಲಿ ಕಟ್ಟಿದರು. ಭಕ್ತಿಗೆ ಅದೇನೂ ಅಡ್ಡಿಯಾಗಿಲ್ಲ.

ಒಂದು ದಿನ ಉಳಿದರೆ ಅದು ಇಸೆಗೆ. ಉಜಿ ಸೇತುವೆ ದಾಟಿ, ಇಸುಜು ಹೊಳೆಯಲ್ಲಿ ಕೈತೊಳೆದು, ದೈತ್ಯ ಸುಗಿ ಮರಗಳ ಕೆಳಗೆ ಜಲ್ಲಿ ತುಳಿಯುತ್ತ ಸೂರ್ಯದೇವಿ ಅಮಾತೆರಾಸುವಿನ ಗುಡಿಗೆ ಹೋಗುತ್ತೀರಿ. ಬೇಲಿಯಾಚೆ ಹುಲ್ಲು ಹೊದಿಸಿದ ಮಾಡಿನ ಏಣು ಕಾಣುತ್ತದೆ, ಅಷ್ಟೆ. ಅದರ ಪಕ್ಕದಲ್ಲೇ ಅಷ್ಟೇ ಅಳತೆಯ ಖಾಲಿ ನಿವೇಶನ. ಬಿಳಿ ಉರುಟುಕಲ್ಲು ಹರಡಿ, ನಡುವೆ ಒಂದು ಪುಟ್ಟ ಮರದ ಗೂಡು. ಏಳನೇ ಶತಮಾನದ ಕೊನೆಯಿಂದ, ಯುದ್ಧಗಳ ಕಾಲದಲ್ಲಿ ನೂರಕ್ಕೂ ಹೆಚ್ಚು ವರ್ಷ ನಿಂತುಹೋದದ್ದು ಬಿಟ್ಟರೆ, ಇಪ್ಪತ್ತು ವರ್ಷಕ್ಕೊಮ್ಮೆ ಹಿನೊಕಿ ಮರದಲ್ಲಿ ಗುಡಿಯನ್ನು ಪಕ್ಕದ ನೆಲದಲ್ಲಿ ಹೊಸದಾಗಿ ಕಟ್ಟಿ ದೇವಿಯನ್ನು ಕರೆತರುತ್ತಾರೆ. ಒಂದು ಸಲ ಎಳೆಯನಾಗಿ ಉಳಿ ಹಿಡಿದ ಬಡಗಿ ಮುಂದಿನ ಸಲ ಹಿರಿಯನಾಗಿ ಕಲಿಸಬಲ್ಲ. ಹಳೆಯ ಮರವನ್ನೂ ಎಸೆಯುವುದಿಲ್ಲ: ಗರ್ಭಗುಡಿಯ ದೊಡ್ಡ ಕಂಬಗಳು ಉಜಿ ಸೇತುವೆಯ ತೋರಿಗಳಾಗಿ ಇಪ್ಪತ್ತು ವರ್ಷ ನಿಂತು, ಆಮೇಲೆ ಹಳೆಯ ಹೆದ್ದಾರಿಯ ಊರುಗಳಿಗೆ ಹೋಗುತ್ತವೆ. ಕಳೆದ ಸಲ, 2013ರಲ್ಲಿ, ನಡೆದದ್ದು 62ನೆಯದು. ಮುಂದಿನದು 2033ಕ್ಕೆ. ಅದಕ್ಕೆ ಮೊದಲು ಹೋದವರು ನೋಡುವ ಖಾಲಿ ನೆಲದಲ್ಲಿ ಆಮೇಲೆ ಹೋದವರು ಗುಡಿ ನೋಡುತ್ತಾರೆ. ಮೊದಲಿನವರು ಕಂಡ ಗುಡಿಯ ಜಾಗ ಆಮೇಲಿನವರಿಗೆ ಖಾಲಿ.